ಶಾಂತಿಪಾಲನಾ ನಿರ್ಣಯವನ್ನು ಓದುವ ಕ್ರಮ: ಸೇನಾ ‘ಸ್ಥಿರೀಕರಣ’ ಎಲ್ಲಿ ಸೇರಿಕೊಂಡಿದೆ ಎಂದು ಗುರುತಿಸುವುದು ಹೇಗೆ?

ಕಾಂಗೋ, ಮಾಲಿ, ಹೈಟಿ ಮುಂತಾದ ದೇಶಗಳಿಂದ ಬರುವ ಸುದ್ದಿಗಳಲ್ಲಿ ‘ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ’ ಎಂಬ ಒಂದೇ ಹೆಸರಿನಡಿ ಬಹಳ ಭಿನ್ನವಾದ ಎರಡು ಕೆಲಸಗಳು ವರದಿಯಾಗುತ್ತವೆ. ಕಾದಾಟ ನಿಲ್ಲಿಸಲು ಒಪ್ಪಿಕೊಂಡ ಎರಡು ಪಕ್ಷಗಳ ನಡುವೆ ನಿಂತು, ಆ ಒಪ್ಪಂದ ಮುರಿಯದಂತೆ ಕಾಯುವುದು ಮೊದಲನೆಯ ಕೆಲಸ. ಒಂದು ಸರ್ಕಾರದ ಬೆಂಬಲಕ್ಕೆ ನಿಂತು, ಅದರ ವಿರುದ್ಧ ಆಯುಧ ಹಿಡಿದ ಗುಂಪುಗಳನ್ನು ಹಿಮ್ಮೆಟ್ಟಿಸಿ, ಅವರಿಂದ ಬಿಡಿಸಿಕೊಂಡ ಊರುಗಳಲ್ಲಿ ಆ ಸರ್ಕಾರದ ಪೊಲೀಸ್ ಠಾಣೆ, ನ್ಯಾಯಾಲಯ, ಕಚೇರಿಗಳನ್ನು ಮತ್ತೆ ನೆಲೆಗೊಳಿಸುವುದು ಎರಡನೆಯದು. ಈ ಎರಡನೆಯ ಕೆಲಸವನ್ನು ಭದ್ರತಾ ಮಂಡಳಿಯ ಭಾಷೆಯಲ್ಲಿ ‘ಸ್ಥಿರೀಕರಣ’ ಎನ್ನುತ್ತಾರೆ. ಎರಡೂ ಕಡೆ ಅದೇ ನೀಲಿ ಹೆಲ್ಮೆಟ್, ಅದೇ ಬಿಳಿ ವಾಹನ ಇರುವುದರಿಂದ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ನಿರ್ಣಯದ ಪಠ್ಯದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಆ ಪಠ್ಯವನ್ನು ಹೇಗೆ ಓದಬೇಕು, ಯಾವ ಕಲಮಿನಲ್ಲಿ ಏನನ್ನು ಹುಡುಕಬೇಕು ಎಂಬುದನ್ನು ಅಂತಾರಾಷ್ಟ್ರೀಯ ಸಂಬಂಧಗಳ ವಿದ್ಯಾರ್ಥಿಗಳು, ಪತ್ರಕರ್ತರು, ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿರುವವರು ಮತ್ತು ಇಂಥ ಪಡೆಗಳಿಗೆ ಹೋಗುವ ಸೈನಿಕರ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಓದಲು ಕೂರುವ ಮೊದಲು ಮೂರು ದಾಖಲೆಗಳನ್ನು ಒಟ್ಟುಗೂಡಿಸಿಕೊಳ್ಳಿ. ಮೊದಲನೆಯದು ಆ ಕಾರ್ಯಾಚರಣೆಯನ್ನು ಸ್ಥಾಪಿಸಿದ ಮೂಲ ನಿರ್ಣಯ. ಎರಡನೆಯದು ಅದನ್ನು ಇತ್ತೀಚೆಗೆ ನವೀಕರಿಸಿದ ನಿರ್ಣಯ. ಮೂರನೆಯದು ಅದೇ ಅವಧಿಗೆ ಸಂಬಂಧಿಸಿದಂತೆ ಮಹಾಪ್ರಧಾನ ಕಾರ್ಯದರ್ಶಿಯವರು ಮಂಡಳಿಗೆ ಸಲ್ಲಿಸಿದ ವರದಿ. ಇವೆಲ್ಲ ವಿಶ್ವಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಂದೇ ನಿರ್ಣಯವನ್ನು ಒಂಟಿಯಾಗಿ ಓದಿದರೆ ಅರ್ಧ ವಿಷಯ ಮಾತ್ರ ತಿಳಿಯುತ್ತದೆ. ವರ್ಷದಿಂದ ವರ್ಷಕ್ಕೆ ಯಾವ ಕಲಮು ಮೇಲಕ್ಕೆ ಬಂತು, ಯಾವುದು ಕೆಳಕ್ಕೆ ಸರಿಯಿತು ಎಂಬ ಹೋಲಿಕೆಯಿಂದಲೇ ನಿಜವಾದ ದಿಕ್ಕು ಗೊತ್ತಾಗುತ್ತದೆ.

ಹೋಲಿಕೆಗೆ ಬೇಕಾದ ಹಳೆಯ ಮಾದರಿ

ಹೊಸದನ್ನು ಗುರುತಿಸಬೇಕಾದರೆ ಹಳೆಯದು ಹೇಗಿತ್ತೆಂದು ತಿಳಿದಿರಬೇಕು. ಸಾಂಪ್ರದಾಯಿಕ ಶಾಂತಿಪಾಲನೆ ಮೂರು ತತ್ವಗಳ ಮೇಲೆ ನಿಂತಿದೆ: ಸಂಘರ್ಷದಲ್ಲಿರುವ ಪಕ್ಷಗಳ ಸಮ್ಮತಿ, ನಿಷ್ಪಕ್ಷಪಾತ, ಮತ್ತು ಆತ್ಮರಕ್ಷಣೆ ಹಾಗೂ ವಹಿಸಿದ ಕಾರ್ಯದ ರಕ್ಷಣೆಗಲ್ಲದೆ ಬಲಪ್ರಯೋಗ ಮಾಡದಿರುವುದು. 2008ರಲ್ಲಿ ವಿಶ್ವಸಂಸ್ಥೆ ಪ್ರಕಟಿಸಿದ ಶಾಂತಿಪಾಲನಾ ಮಾರ್ಗಸೂಚಿ ಈ ಮೂರನ್ನೂ ಮತ್ತೆ ದೃಢಪಡಿಸಿತು. ಸೈಪ್ರಸ್ ಇದಕ್ಕೆ ಒಳ್ಳೆಯ ಉದಾಹರಣೆ. 1964ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿಯ 186ನೇ ನಿರ್ಣಯದಿಂದ ಅಲ್ಲಿ ಪಡೆ ಸ್ಥಾಪನೆಯಾಯಿತು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರು ಅದೇ ವರ್ಷ ಅದರ ದಂಡನಾಯಕರಾದರು, 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲಿಯೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಅವರ ಕೈಯಲ್ಲಿದ್ದ ಪಡೆಗೆ ಗ್ರೀಕ್ ಸೈಪ್ರಿಯಟರಾಗಲಿ ಟರ್ಕಿಶ್ ಸೈಪ್ರಿಯಟರಾಗಲಿ ಶತ್ರುಗಳಾಗಿರಲಿಲ್ಲ. ಎರಡೂ ಕಡೆಯವರ ಜೊತೆ ಮಾತನಾಡಲು ಸಾಧ್ಯವಾಗುವುದೇ ಅವರ ಬಲವಾಗಿತ್ತು. ಆ ಪಡೆ ಇಂದಿಗೂ ಅಲ್ಲಿದೆ.

ಹಳೆಯ ಕಾಲದಲ್ಲಿ ವಿಶ್ವಸಂಸ್ಥೆ ಗುಂಡು ಹಾರಿಸಲೇ ಇಲ್ಲ ಎಂದುಕೊಳ್ಳುವುದು ತಪ್ಪಾಗುತ್ತದೆ. 1961ರಲ್ಲಿ ಕಾಂಗೋದ ಕಟಾಂಗ ಪ್ರಾಂತ್ಯದಲ್ಲಿ ಬಲಪ್ರಯೋಗಕ್ಕೆ ಮಂಡಳಿ ಅಧಿಕಾರ ಕೊಟ್ಟಿತ್ತು. ಆ ವರ್ಷದ ಡಿಸೆಂಬರ್ 5ರಂದು ಎಲಿಸಬೆತ್‌ವಿಲ್‌ನಲ್ಲಿ ಹೋರಾಡಿ ಮಡಿದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಂದಿತು. 1993ರಲ್ಲಿ ಸೊಮಾಲಿಯಾದಲ್ಲಿ ಒಂದೇ ದಿನ 24 ಪಾಕಿಸ್ತಾನಿ ಶಾಂತಿಪಾಲಕರು ಹತರಾದ ಮೇಲೆ ಅಲ್ಲಿನ ಕಾರ್ಯಾಚರಣೆ ಒಂದು ಸಶಸ್ತ್ರ ಬಣದ ನಾಯಕನನ್ನು ಬೇಟೆಯಾಡುವ ಕೆಲಸವಾಗಿ ಮಾರ್ಪಟ್ಟಿತು. ಈ ಎರಡೂ ಅನುಭವಗಳ ನಂತರ ವಿಶ್ವಸಂಸ್ಥೆ ಹಿಂದೆ ಸರಿದಿತ್ತು. 2004ರಿಂದೀಚೆಗೆ ಆದ ಬದಲಾವಣೆಯ ಸ್ವರೂಪ ಬೇರೆ: ಅಪವಾದವಾಗಿದ್ದ ಯುದ್ಧಕಾರ್ಯ ಕಾರ್ಯಾಚರಣೆಯ ಹೆಸರಿನೊಳಗೆ, ಅದರ ದಿನನಿತ್ಯದ ಕೆಲಸದ ಪಟ್ಟಿಯೊಳಗೆ ಬಂದು ಕುಳಿತಿದೆ.

ಹೆಸರು ಎಲ್ಲಿಂದ ಬಂತೆಂದು ನೋಡಿ

ನಿರ್ಣಯದಲ್ಲಿ ಕಾರ್ಯಾಚರಣೆಯ ಪೂರ್ಣ ಹೆಸರನ್ನು ಮೊದಲು ಹುಡುಕಿ. ಹೆಸರಿನಲ್ಲಿ ‘ಸ್ಟೆಬಿಲೈಸೇಶನ್’ ಎಂಬ ಶಬ್ದವಿರುವ ವಿಶ್ವಸಂಸ್ಥೆಯ ನಾಲ್ಕು ದೊಡ್ಡ ಕಾರ್ಯಾಚರಣೆಗಳು ಈವರೆಗೆ ಬಂದಿವೆ: 2004ರ ಏಪ್ರಿಲ್‌ನಲ್ಲಿ 1542ನೇ ನಿರ್ಣಯದಿಂದ ಹುಟ್ಟಿದ ಹೈಟಿಯ ಮಿನುಸ್ತಾ, 2010ರ ಮೇ ತಿಂಗಳ 1925ನೇ ನಿರ್ಣಯದಿಂದ ಹೊಸ ಹೆಸರು ಪಡೆದ ಕಾಂಗೋದ ಮೊನುಸ್ಕೊ, 2013ರ ಏಪ್ರಿಲ್‌ನ 2100ನೇ ನಿರ್ಣಯದಿಂದ ಬಂದ ಮಾಲಿಯ ಮಿನುಸ್ಮಾ, ಮತ್ತು 2014ರ ಏಪ್ರಿಲ್‌ನ 2149ನೇ ನಿರ್ಣಯದಿಂದ ಬಂದ ಮಧ್ಯ ಆಫ್ರಿಕಾ ಗಣರಾಜ್ಯದ ಮಿನುಸ್ಕಾ.

ಈ ಪರಿಕಲ್ಪನೆ ಬೆಳೆದದ್ದು ನ್ಯಾಟೊ ದೇಶಗಳ ಸೇನೆಗಳಲ್ಲಿ. 1996ರ ಕೊನೆಯಲ್ಲಿ ಬೋಸ್ನಿಯಾದಲ್ಲಿ ನಿಂತ ನ್ಯಾಟೊ ಪಡೆಯ ಹೆಸರೇ ‘ಸ್ಥಿರೀಕರಣ ಪಡೆ’ ಎಂದಿತ್ತು. ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಸಿಕ್ಕಿಕೊಂಡ ಮೇಲೆ, 2005ರ ನವೆಂಬರ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಸ್ಥಿರೀಕರಣವೂ ಯುದ್ಧದಷ್ಟೇ ಮುಖ್ಯವಾದ ಸೇನಾಕಾರ್ಯವೆಂದು ಸಾರಿತು. 2008ರಲ್ಲಿ ಅದರ ಸೇನೆ ಈ ಬಗ್ಗೆ ಒಂದು ಕೈಪಿಡಿಯನ್ನೂ ಹೊರತಂದಿತು. ಬ್ರಿಟನ್ ಇದಕ್ಕೆಂದೇ ಒಂದು ಸರ್ಕಾರಿ ಘಟಕವನ್ನು ತೆರೆಯಿತು. ಪ್ರದೇಶವನ್ನು ಬಂಡಾಯಗಾರರಿಂದ ತೆರವುಗೊಳಿಸುವುದು, ಅಲ್ಲಿ ಕಾಲೂರಿ ನಿಲ್ಲುವುದು, ಆಮೇಲೆ ರಸ್ತೆ, ಶಾಲೆ, ಠಾಣೆ ಕಟ್ಟಿ ಜನರ ಮನಸ್ಸನ್ನು ಸರ್ಕಾರದ ಕಡೆಗೆ ತಿರುಗಿಸುವುದು ಈ ಚಿಂತನೆಯ ಮೂರು ಹಂತಗಳು. ಭದ್ರತಾ ಮಂಡಳಿಯಲ್ಲಿ ಕಾಂಗೋ, ಮಾಲಿ, ಮಧ್ಯ ಆಫ್ರಿಕಾ ಗಣರಾಜ್ಯಗಳ ನಿರ್ಣಯಗಳ ಕರಡು ಬರೆಯುವ ಹೊಣೆ ಫ್ರಾನ್ಸಿನದಾಗಿತ್ತು, ಹೈಟಿಯದು ಅಮೆರಿಕದ್ದಾಗಿತ್ತು. ಸೇನಾ ಕೈಪಿಡಿಯ ಭಾಷೆ ನಿರ್ಣಯಗಳೊಳಗೆ ಬಂದ ದಾರಿಯನ್ನು ಹುಡುಕುವವರು ಇಲ್ಲಿಂದ ಆರಂಭಿಸಬೇಕು. ಆದ್ದರಿಂದ ಯಾವುದೇ ನಿರ್ಣಯವನ್ನು ಓದುವಾಗ ಕರಡು ಯಾರದೆಂದು ಬರೆದಿಟ್ಟುಕೊಳ್ಳಿ.

ಹೆಸರೊಂದೇ ಸಾಕ್ಷಿಯಲ್ಲ. ಈ ಶಬ್ದಕ್ಕೆ ವಿಶ್ವಸಂಸ್ಥೆಯೊಳಗೆ ಒಪ್ಪಿತವಾದ ವ್ಯಾಖ್ಯೆಯಿಲ್ಲವೆಂದೂ ಅದನ್ನು ಸ್ಪಷ್ಟಪಡಿಸಬೇಕೆಂದೂ ಶಾಂತಿ ಕಾರ್ಯಾಚರಣೆಗಳನ್ನು ಪರಿಶೀಲಿಸಲು ವಿಶ್ವಸಂಸ್ಥೆ ನೇಮಿಸಿದ, ಜೋಸೆ ರಾಮೋಸ್-ಹೊರ್ಟಾ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿ 2015ರಲ್ಲಿಯೇ ಹೇಳಿತ್ತು. ದಕ್ಷಿಣ ಸುಡಾನ್‌ನ ಕಾರ್ಯಾಚರಣೆಯ ಹೆಸರಿನಲ್ಲಿ ಈ ಶಬ್ದವಿಲ್ಲ. ಆದರೂ 2016ರ ಜುಲೈನಲ್ಲಿ ಜೂಬಾದಲ್ಲಿ ಕಾಳಗವಾದ ನಂತರ ಅಲ್ಲಿಗೊಂದು ಪ್ರಾದೇಶಿಕ ರಕ್ಷಣಾ ಪಡೆಯನ್ನು ಸೇರಿಸಲಾಯಿತು. ಹಾಗಾಗಿ ಶೀರ್ಷಿಕೆ ನೋಡಿ ತೀರ್ಪು ಕೊಡದೆ ಕಲಮುಗಳಿಗೆ ಹೋಗಬೇಕು.

ಕಲಮುಗಳಲ್ಲಿ ಶತ್ರುವಿನ ಹೆಸರಿದೆಯೇ?

ನಿರ್ಣಯದ ಪೀಠಿಕೆಯಲ್ಲಿ ಕಳವಳ, ಖಂಡನೆ, ಸ್ವಾಗತಗಳಿರುತ್ತವೆ. ಅದರಿಂದ ಯಾರಿಗೂ ಹೊಣೆ ಬರುವುದಿಲ್ಲ. ಅಂಕಿ ಹಾಕಿದ ಕಲಮುಗಳಿಂದ ಓದುವ ಕೆಲಸ ಶುರುವಾಗುತ್ತದೆ. ಅಲ್ಲಿ ‘ವಿಶ್ವಸಂಸ್ಥೆಯ ಸನ್ನದಿನ ಏಳನೇ ಅಧ್ಯಾಯದಡಿ’ (ಮಂಡಳಿ ಬಲಪ್ರಯೋಗಕ್ಕೆ ಅಧಿಕಾರ ಕೊಡುವುದು ಈ ಅಧ್ಯಾಯದಡಿ) ಎಂಬ ಮಾತಿದೆಯೇ, ಇದ್ದರೆ ಅದು ಇಡೀ ನಿರ್ಣಯಕ್ಕೆ ಅನ್ವಯಿಸುತ್ತದೆಯೇ ಅಥವಾ ಒಂದು ಭಾಗಕ್ಕೆ ಮಾತ್ರವೇ ಎಂದು ಗುರುತು ಹಾಕಿಕೊಳ್ಳಿ. ಹೈಟಿಯ 1542ನೇ ನಿರ್ಣಯದಲ್ಲಿ ‘ಸುರಕ್ಷಿತ ಮತ್ತು ಸ್ಥಿರ ವಾತಾವರಣ’ ಎಂಬ ಭಾಗಕ್ಕೆ ಮಾತ್ರ ಏಳನೇ ಅಧ್ಯಾಯದ ಬಲವಿತ್ತು. ರಾಜಕೀಯ ಪ್ರಕ್ರಿಯೆ ಮತ್ತು ಮಾನವ ಹಕ್ಕುಗಳ ಭಾಗಗಳಿಗೆ ಆ ಬಲವಿರಲಿಲ್ಲ. ಇದೊಂದರಿಂದಲೇ ಮಂಡಳಿಯ ಆದ್ಯತೆ ಯಾವುದೆಂದು ತಿಳಿಯುತ್ತದೆ. ಮುಂದೆ 2005ರ ಜುಲೈ 6ರಂದು ಪೋರ್ಟ್-ಒ-ಪ್ರಿನ್ಸ್‌ನ ಸಿಟೆ ಸೊಲೆಯ್ ಎಂಬ ಬಡವರ ಬಡಾವಣೆಯಲ್ಲಿ ಬ್ರೆಜಿಲ್ ನೇತೃತ್ವದ ಪಡೆ ಒಂದು ಗ್ಯಾಂಗಿನ ಮೇಲೆ ಕಾರ್ಯಾಚರಣೆ ನಡೆಸಿದಾಗ, ತೆಳು ಗೋಡೆಗಳ ಮನೆಗಳೊಳಗಿದ್ದ ನಿವಾಸಿಗಳೂ ಗುಂಡಿಗೆ ಬಲಿಯಾದರೆಂಬ ದೂರುಗಳು ಬಂದವು.

ಆದರೆ ಎಲ್ಲಕ್ಕಿಂತ ಗಮನವಿಟ್ಟು ಓದಬೇಕಾದ ನಿರ್ಣಯ 2098. 2012ರ ನವೆಂಬರ್ 20ರಂದು ಎಂ23 ಬಂಡಾಯಗಾರರು ಪೂರ್ವ ಕಾಂಗೋದ ಗೋಮಾ ನಗರವನ್ನು ಹಿಡಿದರು. ನಗರದಲ್ಲಿದ್ದ ವಿಶ್ವಸಂಸ್ಥೆಯ ಸೈನಿಕರು ಅವರನ್ನು ತಡೆಯಲಿಲ್ಲ. ಆ ಅವಮಾನದ ಬೆನ್ನಿಗೆ, 2013ರ ಮಾರ್ಚ್ 28ರಂದು ಭದ್ರತಾ ಮಂಡಳಿ ಈ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಇದರ 9ನೇ ಕಲಮನ್ನು ಎರಡು ಬಾರಿ ಓದಿ. ಮೂರು ಪದಾತಿ ಬೆಟಾಲಿಯನ್, ಒಂದು ಫಿರಂಗಿ ತುಕಡಿ, ಒಂದು ವಿಶೇಷ ಪಡೆ ಹಾಗೂ ಬೇಹು ತುಕಡಿಗಳಿರುವ ‘ಮಧ್ಯಪ್ರವೇಶ ಬ್ರಿಗೇಡ್’ ಗೋಮಾದಲ್ಲಿ ಕೇಂದ್ರ ಹೊಂದಬೇಕೆಂದು ಅದು ಹೇಳುತ್ತದೆ. ಶಾಂತಿಪಾಲನೆಯ ತತ್ವಗಳಿಗೆ ಧಕ್ಕೆ ತರದಂತೆ, ಪೂರ್ವನಿದರ್ಶನವಾಗದಂತೆ, ಅಪವಾದವೆಂಬ ನೆಲೆಯಲ್ಲಿ ಮಾತ್ರ ಇದನ್ನು ರಚಿಸಲಾಗಿದೆ ಎಂದೂ ಅದೇ ಕಲಮು ಸೇರಿಸುತ್ತದೆ. ಇಂಥ ಸಮಜಾಯಿಷಿ ಯಾವುದೇ ನಿರ್ಣಯದಲ್ಲಿ ಕಂಡರೆ ಅಲ್ಲಿ ನಿಲ್ಲಿ. ತತ್ವಕ್ಕೆ ಹೊಂದದ ಕೆಲಸವೊಂದು ನಡೆಯುತ್ತಿದೆ ಎಂದು ಬರೆದವರಿಗೇ ತಿಳಿದಿದೆ ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಮುಂದೆ 12ನೇ ಕಲಮಿಗೆ ಬನ್ನಿ. ಅದರ (ಎ) ಉಪಕಲಮು ನಾಗರಿಕರ ರಕ್ಷಣೆಯ ಬಗ್ಗೆ ಇದೆ. (ಬಿ) ಉಪಕಲಮು ಬ್ರಿಗೇಡಿನ ಮೂಲಕ ಸಶಸ್ತ್ರ ಗುಂಪುಗಳನ್ನು ‘ನ್ಯೂಟ್ರಲೈಸ್’ ಮಾಡುವ, ಅಂದರೆ ನಿಷ್ಕ್ರಿಯಗೊಳಿಸುವ ಬಗ್ಗೆ ಇದೆ. ಕಾಂಗೋ ಸೇನೆಯ ಜೊತೆಗೂಡಿ ಅಥವಾ ಸ್ವತಂತ್ರವಾಗಿ, ಆಕ್ರಮಣಕಾರಿ ಕಾರ್ಯಾಚರಣೆಗಳನ್ನೇ ನಡೆಸಲು ಅದು ಅಧಿಕಾರ ಕೊಡುತ್ತದೆ. ‘ಕಾಯುವುದು’, ‘ತಡೆಯುವುದು’, ‘ನಿಗಾ ಇಡುವುದು’ ಎಂಬ ಕ್ರಿಯಾಪದಗಳು ಯಾರ ವಿರುದ್ಧವೂ ಅಲ್ಲ; ಯಾರು ದಾಳಿ ಮಾಡಿದರೂ ಅವು ಅನ್ವಯಿಸುತ್ತವೆ. ‘ನಿಷ್ಕ್ರಿಯಗೊಳಿಸುವುದು’ ಎಂಬ ಕ್ರಿಯಾಪದಕ್ಕೆ ಕರ್ಮಪದ ಬೇಕೇಬೇಕು. ಆ ಕರ್ಮಪದದ ಸ್ಥಾನದಲ್ಲಿ ಗುಂಪುಗಳು ಬಂದು ನಿಂತ ಕ್ಷಣದಿಂದ ವಿಶ್ವಸಂಸ್ಥೆಗೆ ಶತ್ರು ಹುಟ್ಟಿಕೊಳ್ಳುತ್ತಾನೆ. ಯಾವ ಕಾರ್ಯಾಚರಣೆಯ ಪಠ್ಯ ಓದಿದರೂ ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ: ಈ ಪಡೆ ಯಾರ ನಡುವೆ ನಿಂತಿದೆ ಎಂದು ಬರೆದಿದೆಯೋ, ಯಾರ ವಿರುದ್ಧ ನಿಂತಿದೆ ಎಂದು ಬರೆದಿದೆಯೋ?

ಕಾಂಗೋದಲ್ಲಿ ಮುಂದೇನಾಯಿತೆಂಬುದನ್ನು ಎರಡೂ ಕಡೆಯಿಂದ ನೋಡಬೇಕು. ದಕ್ಷಿಣ ಆಫ್ರಿಕಾ, ತಾಂಜಾನಿಯಾ, ಮಲಾವಿ ದೇಶಗಳ ಸುಮಾರು 3,000 ಸೈನಿಕರ ಆ ಬ್ರಿಗೇಡ್ ಕಾಂಗೋ ಸೇನೆಗೆ ಬೆಂಬಲವಾಗಿ ನಿಂತಿತು; 2013ರ ನವೆಂಬರ್ ಮೊದಲ ವಾರದಲ್ಲಿ ಎಂ23 ಸೋತು ಬಂಡಾಯ ಕೈಬಿಟ್ಟಿತು. ಸ್ಥಿರೀಕರಣದ ಪರವಾಗಿರುವವರು ಇಂದಿಗೂ ಈ ಗೆಲುವನ್ನೇ ಮುಂದಿಡುತ್ತಾರೆ, ಮತ್ತು ಆ ಗೆಲುವು ನಿಜವಾದುದೇ. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ಅಡಿಸ್ ಅಬಾಬಾದಲ್ಲಿ ಆ ಪ್ರದೇಶದ ದೇಶಗಳು ಒಂದು ರಾಜಕೀಯ ಒಪ್ಪಂದಕ್ಕೆ ಸಹಿ ಹಾಕಿದ್ದವು. ಎಂ23ಗೆ ನೆರವು ನೀಡಿದ ಆರೋಪ ಹೊತ್ತಿದ್ದ ರುವಾಂಡಾದ ಮೇಲೆ ದಾನಿ ದೇಶಗಳ ಒತ್ತಡ ಬಿದ್ದಿತ್ತು. ಈ ರಾಜಕೀಯ ಒತ್ತಡ ಕರಗಿದಂತೆಲ್ಲ ಬ್ರಿಗೇಡಿನ ಬಲವೂ ಕರಗಿತು. ರುವಾಂಡಾ ಮೂಲದ ಎಫ್‌ಡಿಎಲ್‌ಆರ್ ಗುಂಪಿನ ಮೇಲೆ ಅದೇ ಹುರುಪಿನ ಕಾರ್ಯಾಚರಣೆ ನಡೆಯಲಿಲ್ಲ. 2017ರ ಡಿಸೆಂಬರ್‌ನಲ್ಲಿ ಸೆಮುಲಿಕಿ ನದಿಯ ಬಳಿಯ ನೆಲೆಯೊಂದರ ಮೇಲೆ ಎಡಿಎಫ್ ಎಂಬ ಸಶಸ್ತ್ರ ಗುಂಪು ದಾಳಿ ನಡೆಸಿ ಹದಿನಾಲ್ಕಕ್ಕೂ ಕಡಿಮೆಯಿಲ್ಲದಷ್ಟು ತಾಂಜಾನಿಯಾ ಸೈನಿಕರನ್ನು ಕೊಂದಿತು. ಎಂ23 2021ರ ಕೊನೆಯಲ್ಲಿ ಮತ್ತೆ ತಲೆಯೆತ್ತಿತು. 2025ರ ಜನವರಿಯಲ್ಲಿ ಗೋಮಾ ಮತ್ತೆ ಅದರ ಕೈ ಸೇರಿತು. ‘ಪೂರ್ವನಿದರ್ಶನವಾಗದಂತೆ’ ಎಂಬ ಮಾತು ನವೀಕರಣದಿಂದ ನವೀಕರಣಕ್ಕೆ ವರ್ಷಗಟ್ಟಲೆ ಸಾಗಿ ಬಂತು. ಈ ಸಾಲನ್ನು ನೀವೇ ಹಿಂಬಾಲಿಸಿ ನೋಡಿ. ಹೋಲಿಕೆಯ ಓದು ಎಷ್ಟು ಫಲ ಕೊಡುತ್ತದೆಂದು ತಿಳಿಯುತ್ತದೆ.

ಜನರ ಕಡೆಯಿಂದಲೂ ಇದರ ಪರಿಣಾಮವನ್ನು ಅಳೆಯಬೇಕು. ನಿಗಾ ಇಡಲು ಬಂದ ಪಡೆಯಿಂದ ಜನ ನಿರೀಕ್ಷಿಸುವುದು ಕಡಿಮೆ. ಸಶಸ್ತ್ರ ಗುಂಪುಗಳನ್ನು ನಿಷ್ಕ್ರಿಯಗೊಳಿಸುತ್ತೇವೆಂದು ಬಂದ ಪಡೆಯನ್ನು ಜನ ಆ ಮಾತಿನಿಂದಲೇ ಅಳೆಯುತ್ತಾರೆ. ಹಳ್ಳಿಗಳಲ್ಲಿ ಕೊಲೆಗಳು ನಿಲ್ಲದಿದ್ದಾಗ, 2022ರ ಜುಲೈನಲ್ಲಿ ಗೋಮಾ, ಬುಟೆಂಬೊ ನಗರಗಳಲ್ಲಿ ಮೊನುಸ್ಕೊ ವಿರುದ್ಧ ಜನ ಬೀದಿಗಿಳಿದರು. ಬುಟೆಂಬೊದಲ್ಲಿ ನಡೆದ ಹಿಂಸೆಯಲ್ಲಿ ಭಾರತದ ಗಡಿ ಭದ್ರತಾ ಪಡೆಯ ಇಬ್ಬರು ಪ್ರಾಣ ಕಳೆದುಕೊಂಡರು. ಅವರು ಪೊಲೀಸ್ ಘಟಕವಾಗಿ ಅಲ್ಲಿಗೆ ಹೋಗಿದ್ದವರು, ಮಧ್ಯಪ್ರವೇಶ ಬ್ರಿಗೇಡಿಗೆ ಸೇರಿದವರಲ್ಲ. ಆದರೆ ಗೇಟಿನ ಹೊರಗೆ ನಿಂತ ಗುಂಪಿನ ಕಣ್ಣಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಯಾರ ಆಡಳಿತವನ್ನು ವಿಸ್ತರಿಸಲಾಗುತ್ತಿದೆ?

ಮುಂದಿನ ಹಂತದಲ್ಲಿ ‘ಪ್ರಭುತ್ವದ ಅಧಿಕಾರವನ್ನು ಪುನಃಸ್ಥಾಪಿಸಲು’ ಎಂಬ ಅರ್ಥದ ಕಲಮನ್ನು ಹುಡುಕಿ. ಮಾಲಿಯ 2100ನೇ ನಿರ್ಣಯದ 16(ಎ) ಕಲಮು ಇದಕ್ಕೆ ಮಾದರಿಯಂತಿದೆ: ಮಾಲಿಯ ಮಧ್ಯಂತರ ಸರ್ಕಾರಕ್ಕೆ ಬೆಂಬಲವಾಗಿ, ವಿಶೇಷವಾಗಿ ಉತ್ತರದ ಮುಖ್ಯ ಪಟ್ಟಣಗಳನ್ನು ಸ್ಥಿರಗೊಳಿಸಬೇಕು, ಸಶಸ್ತ್ರರು ಅಲ್ಲಿಗೆ ಮರಳದಂತೆ ಸಕ್ರಿಯ ಕ್ರಮ ಕೈಗೊಳ್ಳಬೇಕು, ದೇಶದಾದ್ಯಂತ ಪ್ರಭುತ್ವದ ಅಧಿಕಾರ ಮರುಸ್ಥಾಪನೆಗೆ ನೆರವಾಗಬೇಕು ಎಂದು ಅದು ಹೇಳುತ್ತದೆ. ಸರ್ಕಾರಿ ಶಾಲೆ, ಆಸ್ಪತ್ರೆ, ನ್ಯಾಯಾಲಯಗಳಿಲ್ಲದ ಪ್ರದೇಶಕ್ಕೆ ಅವು ಬರುವುದು ಒಳ್ಳೆಯದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಸರ್ಕಾರವೇ ಸಂಘರ್ಷದ ಒಂದು ಪಕ್ಷವಾಗಿದ್ದರೆ, ಉತ್ತರದ ಜನ ಬಂಡಾಯವೆದ್ದದ್ದು ಅದರ ನಡವಳಿಕೆಯಿಂದಲೇ ಆಗಿದ್ದರೆ, ಈ ಕಲಮು ನಿಷ್ಪಕ್ಷಪಾತದ ತತ್ವವನ್ನು ಮೆಲ್ಲಗೆ ಬದಿಗೆ ಸರಿಸುತ್ತದೆ.

ಮಾಲಿಯಲ್ಲಿ ಈ ಒಳವಿರೋಧ ಬಹಳ ಕಠೋರವಾಗಿ ಬಯಲಾಯಿತು. 2020 ಮತ್ತು 2021ರಲ್ಲಿ ಎರಡು ಸೇನಾಕ್ರಾಂತಿಗಳಾದವು. ಸೇನಾಡಳಿತ ರಷ್ಯಾದ ವಾಗ್ನರ್ ಎಂಬ ಖಾಸಗಿ ಸೇನಾಪಡೆಯನ್ನು ಕರೆಸಿಕೊಂಡಿತು. 2022ರ ಮಾರ್ಚ್ ಕೊನೆಯಲ್ಲಿ ಮೌರಾ ಎಂಬ ಹಳ್ಳಿಯಲ್ಲಿ ಮಾಲಿ ಸೈನಿಕರು ಮತ್ತು ವಿದೇಶಿ ಸಶಸ್ತ್ರರು ಸೇರಿ ಕನಿಷ್ಠ 500 ಜನರನ್ನು ಕೊಂದರೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಮೇ ತಿಂಗಳಲ್ಲಿ ವರದಿ ಮಾಡಿತು. ಯಾವ ಪ್ರಭುತ್ವದ ಅಧಿಕಾರವನ್ನು ವಿಸ್ತರಿಸಲು ಪಡೆಯನ್ನು ಕಳಿಸಲಾಗಿತ್ತೋ ಅದೇ ಪ್ರಭುತ್ವದ ಸೈನಿಕರ ಮೇಲಿನ ತನಿಖೆ ಅದೇ ಪಡೆಯ ಮಾನವ ಹಕ್ಕು ವಿಭಾಗದ ಹೆಗಲ ಮೇಲಿತ್ತು. ಆ ವಿಭಾಗದ ಮುಖ್ಯಸ್ಥರನ್ನು ಸರ್ಕಾರ 2023ರ ಫೆಬ್ರವರಿಯಲ್ಲಿ ದೇಶದಿಂದ ಹೊರಹಾಕಿತು. ಜೂನ್ 16ರಂದು ಮಾಲಿಯ ವಿದೇಶಾಂಗ ಸಚಿವರು ಭದ್ರತಾ ಮಂಡಳಿಯಲ್ಲಿಯೇ ನಿಂತು ಪಡೆ ತಡವಿಲ್ಲದೆ ಹೊರಡಬೇಕೆಂದರು. ಜೂನ್ 30ರಂದು ಮಂಡಳಿ ಕಾರ್ಯಾಚರಣೆಯನ್ನು ಕೊನೆಗೊಳಿಸಿತು, ಡಿಸೆಂಬರ್ 31ರ ಹೊತ್ತಿಗೆ ಪಡೆ ಖಾಲಿಯಾಯಿತು. ಒಂದು ಪಕ್ಷದ ಸಮ್ಮತಿಯನ್ನು ಮಾತ್ರ ನೆಚ್ಚಿಕೊಂಡ ಕಾರ್ಯಾಚರಣೆ, ಆ ಪಕ್ಷ ಕೈಬಿಟ್ಟ ದಿನ ಕೂಡಲೇ ನೆಲೆ ಕಳೆದುಕೊಳ್ಳುತ್ತದೆ.

ಪಕ್ಕದಲ್ಲಿ ಯಾರಿದ್ದಾರೆ?

ಅದೇ ನೆಲದಲ್ಲಿ ಬೇರೆ ಪಡೆ ಯುದ್ಧ ಮಾಡುತ್ತಿದೆಯೇ ಎಂದು ನಿರ್ಣಯದಲ್ಲಿ ನೋಡಿ. ಮಾಲಿಯ 2100ನೇ ನಿರ್ಣಯದ 18ನೇ ಕಲಮು, ವಿಶ್ವಸಂಸ್ಥೆಯ ಪಡೆಗೆ ಗಂಭೀರವಾದ ಅಪಾಯ ಎದುರಾದಾಗ ಫ್ರೆಂಚ್ ಸೈನಿಕರು ನೆರವಿಗೆ ಬರಬಹುದೆಂದಿತು. ಫ್ರಾನ್ಸಿನ ಭಯೋತ್ಪಾದನಾ ನಿಗ್ರಹ ಕಾರ್ಯಾಚರಣೆ, ಮೊದಲು ಸೆರ್ವಾಲ್, 2014ರಿಂದ ಬಾರ್ಖಾನ್ ಎಂಬ ಹೆಸರಿನಲ್ಲಿ, ಅಲ್ಲಿಯೇ ನಡೆಯುತ್ತಿತ್ತು. ಅಫ್ಘಾನಿಸ್ತಾನದಲ್ಲಿ ಪಳಗಿದ ಯುರೋಪಿನ ಸೈನಿಕರು ಮಿನುಸ್ಮಾಗೆ ಬಂದಾಗ ತಮ್ಮ ಗುಪ್ತಮಾಹಿತಿ ಸಂಗ್ರಹದ ವಿಧಾನಗಳನ್ನೂ ತಂದರು. ಒಂದು ಕಾಲಕ್ಕೆ ವಿಶ್ವಸಂಸ್ಥೆ ಬಳಸಲು ಹಿಂಜರಿಯುತ್ತಿದ್ದ ‘ಇಂಟೆಲಿಜೆನ್ಸ್’ ಎಂಬ ಶಬ್ದ 2017ರಲ್ಲಿ ಅದರ ಅಧಿಕೃತ ನೀತಿಯ ಹೆಸರಿನಲ್ಲಿಯೇ ಕಾಣಿಸಿಕೊಂಡಿತು. ಶಾಂತಿಪಾಲನಾ ಪಡೆಗಳು ಸೇನಾ ಭಯೋತ್ಪಾದನಾ ನಿಗ್ರಹಕ್ಕೆ ತಕ್ಕವಲ್ಲ ಎಂದು ರಾಮೋಸ್-ಹೊರ್ಟಾ ಸಮಿತಿ ಎರಡು ವರ್ಷ ಮೊದಲೇ ಎಚ್ಚರಿಸಿತ್ತು. ಹತ್ತು ವರ್ಷಗಳಲ್ಲಿ ಮಿನುಸ್ಮಾದ 300ಕ್ಕೂ ಹೆಚ್ಚು ಶಾಂತಿಪಾಲಕರು ಸತ್ತರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದಾಳಿಗಳಲ್ಲಿ. ಸತ್ತವರ ಪಟ್ಟಿಯಲ್ಲಿ ಚಾಡ್‌ನಂಥ ಆಫ್ರಿಕನ್ ದೇಶಗಳ ಸೈನಿಕರದೇ ದೊಡ್ಡ ಪಾಲು.

ಕಾನೂನಿನ ರಕ್ಷಣೆ ಉಳಿದಿದೆಯೇ?

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಸೈನಿಕನ ಜೀವಕ್ಕೆ ನೇರ ಸಂಬಂಧವಿರುವುದು ಇದಕ್ಕೇ. ಅಂತಾರಾಷ್ಟ್ರೀಯ ಮಾನವೀಯ ಕಾನೂನಿನಲ್ಲಿ ಶಾಂತಿಪಾಲಕನಿಗೆ ನಾಗರಿಕನಿಗೆ ಸಿಗುವ ರಕ್ಷಣೆಯೇ ಸಿಗುತ್ತದೆ. ಅವನ ಮೇಲೆ ದಾಳಿ ಮಾಡುವುದು ಅಪರಾಧ. ಆದರೆ ಪಡೆಯೇ ಸಂಘರ್ಷದ ಪಕ್ಷವಾದಾಗ ಆ ರಕ್ಷಣೆ ಕಳಚುತ್ತದೆ. ಯೋಧರಾಗಿ ಕಾದಾಟದಲ್ಲಿ ತೊಡಗಿದಾಗ ವಿಶ್ವಸಂಸ್ಥೆಯ ಸೈನಿಕರೂ ಮಾನವೀಯ ಕಾನೂನಿಗೆ ಬದ್ಧರೆಂದು 1999ರಲ್ಲಿ ಮಹಾಪ್ರಧಾನ ಕಾರ್ಯದರ್ಶಿಯವರು ಹೊರಡಿಸಿದ ಸುತ್ತೋಲೆ ಒಪ್ಪಿಕೊಂಡಿದೆ. ಹಾಗಾದರೆ ಮೊನುಸ್ಕೊದೊಳಗಿನ ಒಂದು ಬ್ರಿಗೇಡ್ ಎಂ23 ಮೇಲೆ ಆಕ್ರಮಣ ಮಾಡುತ್ತಿರುವಾಗ, ಅದೇ ಪ್ರಾಂತ್ಯದಲ್ಲಿ ಹಳ್ಳಿ ಕಾಯುತ್ತಿರುವ ಭಾರತೀಯ ಬೆಟಾಲಿಯನ್‌ಗೆ ಯಾವ ಸ್ಥಾನ? ಕಾನೂನು ಪಂಡಿತರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ನೆರವು ಸಂಸ್ಥೆಗಳ ಚಿಂತೆಯೂ ಇದೇ ಬಗೆಯದು: ಆಹಾರ, ಔಷಧ ಹಂಚುವ ವಿಶ್ವಸಂಸ್ಥೆಯ ಬಿಳಿ ವಾಹನವನ್ನೂ ಯುದ್ಧಕ್ಕಿಳಿದ ವಿಶ್ವಸಂಸ್ಥೆಯ ಬಿಳಿ ವಾಹನವನ್ನೂ ಬಂದೂಕು ಹಿಡಿದವನು ಬೇರೆ ಮಾಡಿ ನೋಡುತ್ತಾನೆಂಬ ಖಾತರಿಯಿಲ್ಲ.

ಇಲ್ಲಿ ಒಂದು ಒಳ್ಳೆಯ ಕಲಮನ್ನೂ ಹುಡುಕಬೇಕು. ವಿಶ್ವಸಂಸ್ಥೆಯೇತರ ಸೇನೆಗಳಿಗೆ ನೆರವು ನೀಡುವ ಮೊದಲು ಅವು ಮಾನವ ಹಕ್ಕುಗಳನ್ನು ಗಂಭೀರವಾಗಿ ಉಲ್ಲಂಘಿಸುವ ಅಪಾಯವಿದೆಯೇ ಎಂದು ಪರಿಶೀಲಿಸಬೇಕೆಂಬ ನೀತಿ 2011ರಿಂದ ಜಾರಿಯಲ್ಲಿದೆ. 2009ರಲ್ಲಿ ವಿಶ್ವಸಂಸ್ಥೆ ಕಾಂಗೋ ಸೇನೆಗೆ ಬೆಂಬಲ ಕೊಟ್ಟು, ಆ ಸೇನೆ ನಡೆಸಿದ ಕೊಲೆಗಳ ಕಳಂಕ ತಾನೂ ಹೊರಬೇಕಾಗಿ ಬಂದ ಅನುಭವದಿಂದ ಈ ನೀತಿ ಹುಟ್ಟಿತು. ಇದು ಬರಿಯ ಕಾಗದದ ಮಾತಲ್ಲ: 2015ರ ಆರಂಭದಲ್ಲಿ ಎಫ್‌ಡಿಎಲ್‌ಆರ್ ವಿರುದ್ಧದ ಕಾರ್ಯಾಚರಣೆಗೆ ಮಾನವ ಹಕ್ಕು ಉಲ್ಲಂಘನೆಯ ಆರೋಪವಿದ್ದ ಇಬ್ಬರು ಜನರಲ್‌ಗಳನ್ನು ಕಾಂಗೋ ಸರ್ಕಾರ ನೇಮಿಸಿದಾಗ ಮೊನುಸ್ಕೊ ತನ್ನ ಬೆಂಬಲವನ್ನು ನಿಲ್ಲಿಸಿತು. ನಿರ್ಣಯದಲ್ಲಿ ಈ ನೀತಿಯ ಉಲ್ಲೇಖ ಎಲ್ಲಿದೆ, ‘ಪಾಲಿಸಲೇಬೇಕು’ ಎಂದಿದೆಯೋ ‘ಗಮನದಲ್ಲಿಡಬೇಕು’ ಎಂದಷ್ಟೇ ಇದೆಯೋ ಎಂದು ಅಡಿಗೆರೆ ಹಾಕಿಕೊಳ್ಳಿ.

ಯಾರ ಸೈನಿಕರು, ಯಾರ ತೀರ್ಮಾನ?

ಕೊನೆಗೆ ವಿಶ್ವಸಂಸ್ಥೆಯ ಜಾಲತಾಣದಲ್ಲಿ ತಿಂಗಳುತಿಂಗಳು ಪ್ರಕಟವಾಗುವ, ಸೈನಿಕರನ್ನು ಕಳಿಸುವ ದೇಶಗಳ ಪಟ್ಟಿಯನ್ನು ನಿರ್ಣಯದ ಪಕ್ಕದಲ್ಲಿಟ್ಟು ಓದಿ. ಭಾರತ ಈವರೆಗೆ 50ಕ್ಕೂ ಹೆಚ್ಚು ಕಾರ್ಯಾಚರಣೆಗಳಿಗೆ 2,90,000ಕ್ಕೂ ಹೆಚ್ಚು ಶಾಂತಿಪಾಲಕರನ್ನು ಕಳಿಸಿದೆ. ಸುಮಾರು 180 ಭಾರತೀಯರು ಪ್ರಾಣ ತೆತ್ತಿದ್ದಾರೆ. 2098ನೇ ನಿರ್ಣಯ ಅಂಗೀಕಾರವಾದಾಗ ಕಾಂಗೋದಲ್ಲಿ ಭಾರತದ ದೊಡ್ಡ ಪಡೆಯಿತ್ತು, ಆದರೆ ಭದ್ರತಾ ಮಂಡಳಿಯಲ್ಲಿ ಭಾರತದ ಎರಡು ವರ್ಷದ ಅವಧಿ ಮೂರು ತಿಂಗಳ ಹಿಂದೆಯೇ ಮುಗಿದಿತ್ತು. ಸೈನಿಕರನ್ನು ಕಳಿಸುವ ದೇಶವನ್ನು ಅವರ ಬಳಕೆಯ ತೀರ್ಮಾನದಲ್ಲಿ ಭಾಗಿಯಾಗಿಸಬೇಕೆಂಬ ಸನ್ನದಿನ 44ನೇ ವಿಧಿಯನ್ನು ಭಾರತ ಪದೇಪದೇ ನೆನಪಿಸುತ್ತಿರುವುದು ಈ ಕಾರಣಕ್ಕೆ. ನೀಲಿ ಹೆಲ್ಮೆಟ್ ಈಗ ತಾನಾಗಿಯೇ ರಕ್ಷಣೆ ಕೊಡುವುದಿಲ್ಲ, ಹಾಗಾಗಿ ಪಡೆಗಳು ಬಲ ಬಳಸಲು ಅಳುಕಬಾರದು ಎಂಬ ವಾದವೂ ಇದೆ. ಹೈಟಿ ಮತ್ತು ಕಾಂಗೋ ಎರಡೂ ಕಡೆ ದಂಡನಾಯಕರಾಗಿದ್ದ ಬ್ರೆಜಿಲ್‌ನ ಜನರಲ್ ಸಾಂಟೋಸ್ ಕ್ರೂಸ್ 2017ರ ಕೊನೆಯಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿಯಲ್ಲಿ ಇದನ್ನೇ ಪ್ರತಿಪಾದಿಸಿದರು. ನೆಲೆಯೊಳಗೆ ಅವಿತು ಕುಳಿತ ಪಡೆ ಜನರನ್ನೂ ಉಳಿಸದು, ತನ್ನನ್ನೂ ಉಳಿಸಿಕೊಳ್ಳದು ಎಂಬ ಅವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ದಾಳಿಗೊಳಗಾದ ಹಳ್ಳಿಯನ್ನು ಉಳಿಸಲು ಬಂದೂಕು ಎತ್ತುವುದಕ್ಕೂ ಒಂದು ಸರ್ಕಾರದ ಯುದ್ಧವನ್ನು ಅದರ ಪರವಾಗಿ ನಡೆಸುವುದಕ್ಕೂ ಅಂತರವಿದೆ. ಮೊದಲನೆಯದಕ್ಕೆ ನಾಗರಿಕರ ರಕ್ಷಣೆಯ ಕಲಮು ಸಾಕು. ಅದು 1999ರಿಂದಲೂ ಇದೆ.

ಈಗ ಬರುತ್ತಿರುವ ನಿರ್ಣಯಗಳು

ಈ ಕ್ರಮವನ್ನು ಇತ್ತೀಚಿನ ಪಠ್ಯಗಳ ಮೇಲೆ ಪ್ರಯೋಗಿಸಿದರೆ ಹೊಸ ತಿರುವು ಕಾಣುತ್ತದೆ. 2014ರ ನಂತರ ‘ಸ್ಥಿರೀಕರಣ’ ಹೆಸರಿನ ಹೊಸ ದೊಡ್ಡ ಕಾರ್ಯಾಚರಣೆಯನ್ನು ವಿಶ್ವಸಂಸ್ಥೆ ತಾನಾಗಿ ಆರಂಭಿಸಿಲ್ಲ. ಯುದ್ಧದ ಭಾಗವನ್ನು ಮಂಡಳಿ ಹೊರಗಿನ ಒಕ್ಕೂಟಗಳಿಗೆ ಒಪ್ಪಿಸುತ್ತಿದೆ. ಆಫ್ರಿಕನ್ ಒಕ್ಕೂಟದ ಕಾರ್ಯಾಚರಣೆಗಳಿಗೆ ವಿಶ್ವಸಂಸ್ಥೆಯ ಸದಸ್ಯ ದೇಶಗಳ ಕಡ್ಡಾಯ ವಂತಿಗೆಯಿಂದ ಶೇ 75ರವರೆಗೆ ವೆಚ್ಚ ಭರಿಸಲು 2023ರ ಡಿಸೆಂಬರ್‌ನ 2719ನೇ ನಿರ್ಣಯ ಅವಕಾಶ ಕೊಟ್ಟಿತು. ಹೈಟಿಗೆ 2023ರ ಅಕ್ಟೋಬರ್‌ನ 2699ನೇ ನಿರ್ಣಯದ ಮೂಲಕ ಕೀನ್ಯಾ ನೇತೃತ್ವದ ಪಡೆ ಬಂತು. 2025ರ ಸೆಪ್ಟೆಂಬರ್ 30ರ 2793ನೇ ನಿರ್ಣಯ ಅದನ್ನು ‘ಗ್ಯಾಂಗ್ ನಿಗ್ರಹ ಪಡೆ’ಯಾಗಿ ಬದಲಿಸಿತು. ಗಾಜಾಗೆ ‘ಅಂತಾರಾಷ್ಟ್ರೀಯ ಸ್ಥಿರೀಕರಣ ಪಡೆ’ಯೊಂದಕ್ಕೆ 2025ರ ನವೆಂಬರ್ 17ರ 2803ನೇ ನಿರ್ಣಯ ಅಧಿಕಾರ ಕೊಟ್ಟಿತು, ಸಶಸ್ತ್ರ ಗುಂಪುಗಳ ನಿಶ್ಶಸ್ತ್ರೀಕರಣವೂ ಅದರ ಕೆಲಸಗಳಲ್ಲಿ ಸೇರಿದೆ. ಈ ಎರಡೂ ವಿಶ್ವಸಂಸ್ಥೆಯ ಪಡೆಗಳಲ್ಲ, ಸೈನಿಕರ ತಲೆಯ ಮೇಲೆ ನೀಲಿ ಹೆಲ್ಮೆಟ್ ಇರುವುದಿಲ್ಲ. ಆದರೆ ಹೈಟಿಯ ನಿರ್ಣಯದಲ್ಲಿ ಗ್ಯಾಂಗುಗಳನ್ನು ‘ನ್ಯೂಟ್ರಲೈಸ್’ ಮಾಡಬೇಕೆಂಬ, 2013ರಲ್ಲಿ ಕಾಂಗೋಗೆಂದು ಬರೆದ ಅದೇ ಕ್ರಿಯಾಪದವಿದೆ, ಮತ್ತು ಆ ಪಡೆಗೆ ಸರಬರಾಜು ಒದಗಿಸಲು ವಿಶ್ವಸಂಸ್ಥೆಯ ಬೆಂಬಲ ಕಚೇರಿಯೊಂದನ್ನು ತೆರೆಯಲಾಗಿದೆ. ಆದ್ದರಿಂದ ಈ ಪಠ್ಯಗಳನ್ನು ಓದುವಾಗ ಮೇಲಿನ ಪ್ರಶ್ನೆಗಳ ಜೊತೆಗೆ ಇನ್ನೆರಡನ್ನು ಸೇರಿಸಿಕೊಳ್ಳಿ: ಈ ಪಡೆ ತಪ್ಪು ಮಾಡಿದರೆ ಯಾರಿಗೆ ಉತ್ತರ ಕೊಡಬೇಕೆಂದು ಯಾವ ಕಲಮು ಹೇಳುತ್ತದೆ, ಮತ್ತು ಅದರಿಂದ ಹಾನಿಗೊಳಗಾದ ನಿವಾಸಿ ದೂರು ಕೊಡಬೇಕಾದ ಕಚೇರಿ ಯಾವ ಊರಿನಲ್ಲಿದೆ?